ಎಕ್ಸೆಲ್ ಅಪ್‌ಲೋಡ್: ತಪ್ಪನ್ನು ಆಪರೇಟರರ ತಲೆಗೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ವಿದ್ಯಾರ್ಥಿವೇತನ, ಬೆಳೆ ಪರಿಹಾರ, ಸಹಕಾರ ಸಂಘದ ಸದಸ್ಯರ ಪಟ್ಟಿ, ಕಾಲೇಜಿನ ಆಂತರಿಕ ಅಂಕ, ಕಾರ್ಖಾನೆಯ ಸಂಬಳದ ಪಟ್ಟಿ ಹೀಗೆ ನಾನಾ ಬಗೆಯ ಮಾಹಿತಿ ಇಂದು ಎಕ್ಸೆಲ್ ಶೀಟಿನಲ್ಲಿ ತುಂಬಿ ಯಾವುದೋ ಒಂದು ವೆಬ್‌ಸೈಟಿಗೆ ಅಪ್‌ಲೋಡ್ ಆಗುತ್ತದೆ. ಹಣ ಬಾರದಿದ್ದರೆ, ಹೆಸರು ಬಿಟ್ಟುಹೋದರೆ, ಹುಟ್ಟಿದ ದಿನಾಂಕ ಬದಲಾದರೆ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: "ಡೇಟಾ ಎಂಟ್ರಿ ಮಾಡಿದವರು ತಪ್ಪು ಮಾಡಿದ್ದಾರೆ." ಎಷ್ಟೋ ಸಲ ಈ ಮಾತು ನಿಜವಲ್ಲ. ಆಪರೇಟರ್ ಸರಿಯಾಗಿಯೇ ಟೈಪ್ ಮಾಡಿರುತ್ತಾರೆ. ಎಕ್ಸೆಲ್ ಅದನ್ನು ತನ್ನಷ್ಟಕ್ಕೆ ಬದಲಿಸಿರುತ್ತದೆ, ವೆಬ್‌ಸೈಟು ಆ ಬದಲಾವಣೆಯನ್ನು ಪ್ರಶ್ನಿಸದೆ ಒಳಗೆ ಹಾಕಿಕೊಂಡಿರುತ್ತದೆ. ವೆಬ್ ಅಪ್ಲಿಕೇಶನ್ ಬರೆಯುವವರಾದ ನಮ್ಮ ಪ್ರಕಾರ ಇದನ್ನು ತಡೆಯುವ ಹೊಣೆ ಪೂರ್ತಿಯಾಗಿ ಸಾಫ್ಟ್‌ವೇರ್ ಬರೆಯುವವರದು ಮತ್ತು ಬರೆಸುವವರದು. ಹೇಗೆ ತಡೆಯಬೇಕೆಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿರುವುದಕ್ಕೆ ಕ್ಷಮೆಯಿರಲಿ.

ಹಳ್ಳಿಯವರಿಗೆಲ್ಲ ಗೊತ್ತಿರುವ ಸರ್ವೆ ನಂಬರಿನಿಂದಲೇ ಆರಂಭಿಸೋಣ. ಪಹಣಿಯಲ್ಲಿ 12/3 ಎಂದರೆ ಹನ್ನೆರಡನೇ ಸರ್ವೆ ನಂಬರಿನ ಮೂರನೇ ಹಿಸ್ಸಾ. ಅದನ್ನು ಎಕ್ಸೆಲ್‌ನ ಸಾಮಾನ್ಯ ಸೆಲ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು 12-ಮಾರ್ಚ್ ಆಗುತ್ತದೆ. ಕಣ್ಣಿಗೆ ಹಾಗೆ ಕಾಣುವುದಷ್ಟೇ ಅಲ್ಲ, ಸೆಲ್‌ನ ಒಳಗೂ 12/3 ಉಳಿದಿರುವುದಿಲ್ಲ. ಎಕ್ಸೆಲ್ ದಿನಾಂಕವನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತದೆ. 2025ರಲ್ಲಿ ಟೈಪ್ ಮಾಡಿದ್ದರೆ ಅಲ್ಲಿರುವುದು 45728. ಕಂಪ್ಯೂಟರಿನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಅದೇ 12/3 ಡಿಸೆಂಬರ್ 3 ಆಗಿ ಕೂರುತ್ತದೆ. ಎರಡು ಕಂಪ್ಯೂಟರುಗಳಲ್ಲಿ ತುಂಬಿದ ಶೀಟುಗಳನ್ನು ಒಂದಕ್ಕೆ ಸೇರಿಸಿದರೆ ಯಾವುದು ಯಾವ ಹಿಸ್ಸಾ ಎಂದು ಬಿಡಿಸುವ ದಾರಿ ಇಲ್ಲ. 45/2ಎ ಎಂಬುದು ಅಕ್ಷರ ಇರುವುದರಿಂದ ಹಾಗೆಯೇ ಉಳಿಯುತ್ತದೆ. ಹೀಗಾಗಿ ಕಾಲಂನ ಅರ್ಧ ಸರಿ, ಅರ್ಧ ತಪ್ಪು; ಮೇಲೆ ಮೇಲೆ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮನೆ ನಂಬರಿಗೂ ಇದೇ ಗತಿ. ಜಗತ್ತಿನ ವಿಜ್ಞಾನಿಗಳೂ ಇದರಿಂದ ಪಾರಾಗಿಲ್ಲ. 'ಮಾರ್ಚ್1', 'ಸೆಪ್ಟ್1' ಎಂಬ ಹೆಸರಿನ ಜೀನುಗಳು ಎಕ್ಸೆಲ್‌ನಲ್ಲಿ ದಿನಾಂಕವಾಗುತ್ತಿದ್ದ ಕಾರಣಕ್ಕೆ, ಮಾನವ ಜೀನುಗಳಿಗೆ ಹೆಸರಿಡುವ ಸಮಿತಿ ಆ ಜೀನುಗಳ ಹೆಸರನ್ನೇ ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಪ್ರಕಟಿಸಿತು. ಇಂಥ ತಾನಾಗಿ ಆಗುವ ಬದಲಾವಣೆಗಳನ್ನು ಆಫ್ ಮಾಡುವ ಸೆಟ್ಟಿಂಗನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿದೆ. ಆದರೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರಿನಲ್ಲಿ ಯಾವ ಆವೃತ್ತಿ ಇದೆಯೋ ಯಾರು ಬಲ್ಲರು? ಅದನ್ನು ನಂಬಿ ವೆಬ್‌ಸೈಟ್ ಕಟ್ಟುವಂತಿಲ್ಲ.

ವಿಸ್ತೀರ್ಣದ ಕಾಲಂ ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ತಪ್ಪು ಕಾಣುವುದೇ ಇಲ್ಲ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಮ್ಮಲ್ಲಿ 2.20 ಎಂದು ಬರೆಯುವ ರೂಢಿ. ಎಕ್ಸೆಲ್‌ಗೆ ಅದು ದಶಾಂಶ ಸಂಖ್ಯೆ. ಕೊನೆಯ ಸೊನ್ನೆ ಬಿದ್ದು 2.2 ಆಗುತ್ತದೆ. ಪ್ರೋಗ್ರಾಂ ಅದನ್ನು ಚುಕ್ಕಿಯಲ್ಲಿ ಒಡೆದು ಓದಿದರೆ ಎರಡು ಎಕರೆ ಎರಡು ಗುಂಟೆ. ಹದಿನೆಂಟು ಗುಂಟೆ ಹೋಯಿತು. ಕೂಡಿಸಿದರೆ ಇನ್ನೊಂದು ಅನಾಹುತ: 1.30ಕ್ಕೆ 1.30 ಸೇರಿಸಿದರೆ ಎಕ್ಸೆಲ್ 2.6 ಎನ್ನುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ನಿಜವಾದ ಉತ್ತರ 3 ಎಕರೆ 20 ಗುಂಟೆ. ಇದಕ್ಕೆ ಪರಿಹಾರ ಸುಲಭ. ಎಕರೆ, ಗುಂಟೆ, ಆಣೆಗೆ ಮೂರು ಬೇರೆ ಬೇರೆ ಕಾಲಂ ಕೊಡಬೇಕು. ಗುಂಟೆ 39ನ್ನು ಮೀರಿದರೆ, ಆಣೆ 15ನ್ನು ಮೀರಿದರೆ ಆ ಸಾಲನ್ನು ತಡೆಯಬೇಕು. ಡೇಟಾಬೇಸಿನಲ್ಲಿ ಎಲ್ಲವನ್ನೂ ಆಣೆಗೆ ಪರಿವರ್ತಿಸಿ ಪೂರ್ಣಾಂಕವಾಗಿ ಇಡಬೇಕು. ಎಕರೆಗೆ 640 ಆಣೆ, ಹಾಗಾಗಿ ಎರಡು ಎಕರೆ ಇಪ್ಪತ್ತು ಗುಂಟೆ ಎಂದರೆ 1600. ಕೂಡುವುದು, ಭಾಗ ಮಾಡುವುದು ಎಲ್ಲ ಆಣೆಯಲ್ಲೇ ನಡೆಯಲಿ, ತೋರಿಸುವಾಗ ಮಾತ್ರ ಎಕರೆ-ಗುಂಟೆಗೆ ಬಿಡಿಸಿದರಾಯಿತು.

ಇನ್ನು ಉದ್ದದ ಸಂಖ್ಯೆಗಳು. ಎಕ್ಸೆಲ್ ಒಂದು ಸಂಖ್ಯೆಯ 15 ಅಂಕಿಗಳನ್ನು ಮಾತ್ರ ನೆನಪಿಡುತ್ತದೆ, ನಂತರದ ಅಂಕಿಗಳೆಲ್ಲ ಸೊನ್ನೆಯಾಗುತ್ತವೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯ ಅಂಕಿ ಮರುಕ್ಷಣವೇ ಸೊನ್ನೆ. ಸೊನ್ನೆಯಿಂದ ಶುರುವಾಗುವ ಖಾತೆಯಾದರೆ ಆರಂಭದ ಸೊನ್ನೆಗಳು ಮಾಯ. ಆಧಾರ್ 12 ಅಂಕಿಯದಾದ್ದರಿಂದ ಸೆಲ್‌ನ ಒಳಗೆ ಪೂರ್ತಿ ಇರುತ್ತದೆ, ಆದರೆ ಪರದೆಯ ಮೇಲೆ 2.34568ಇ+11 ಎಂಬಂತೆ ಕಾಣುತ್ತದೆ. ಎಕ್ಸೆಲ್ ಫೈಲನ್ನೇ ಕಳಿಸಿದರೆ ಆ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ "ಸಿಎಸ್‌ವಿ ಮಾತ್ರ ಅಪ್‌ಲೋಡ್ ಮಾಡಿ" (ಸಿಎಸ್‌ವಿ ಎಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲು) ಎಂದು ವೆಬ್‌ಸೈಟ್ ಹಟ ಹಿಡಿದರೆ, ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ಕಣ್ಣಿಗೆ ಕಾಣುವುದನ್ನು. ಕೊನೆಯ ಆರು ಅಂಕಿ ಶಾಶ್ವತವಾಗಿ ಹೋದವು. ಸಿಎಸ್‌ವಿ ಓದುವುದು ಪ್ರೋಗ್ರಾಮರಿಗೆ ಸುಲಭ ಎಂಬ ಒಂದೇ ಕಾರಣಕ್ಕೆ ಆಪರೇಟರರ ಮೇಲೆ ಈ ಕಷ್ಟ ಹೇರುವುದು ಅನ್ಯಾಯ. ಎಕ್ಸ್‌ಎಲ್‌ಎಸ್‌ಎಕ್ಸ್ (ಈಗಿನ ಎಕ್ಸೆಲ್ ಮಾದರಿಯ) ಫೈಲನ್ನು ನೇರವಾಗಿ ಸ್ವೀಕರಿಸಿ.

ನೇರವಾಗಿ ಓದುವಾಗಲೂ ಲೈಬ್ರರಿಗಳಲ್ಲಿ, ಅಂದರೆ ಪ್ರೋಗ್ರಾಮರುಗಳು ಬಳಸುವ ಸಿದ್ಧ ಕೋಡುಗಳಲ್ಲಿ, ಗುಂಡಿಗಳಿವೆ. ಪೈಥಾನ್ ಭಾಷೆಯ ಪಾಂಡಾಸ್ ಲೈಬ್ರರಿಗೆ ಏನೂ ಹೇಳದೆ ಬಿಟ್ಟರೆ, ನಡುವೆ ಒಂದು ಖಾಲಿ ಸೆಲ್ ಇದ್ದರೂ ಸಾಕು, ಮೊಬೈಲ್ ಸಂಖ್ಯೆಯ ಕಾಲಂ ಪೂರ್ತಿ ದಶಾಂಶವಾಗಿ ಪ್ರತಿ ಸಂಖ್ಯೆಯ ಕೊನೆಗೆ .0 ಅಂಟಿಕೊಳ್ಳುತ್ತದೆ. 'ಎನ್‌ಎ' ಎಂಬ ಎರಡಕ್ಷರವನ್ನು ಅದು ಖಾಲಿ ಎಂದೇ ಭಾವಿಸುತ್ತದೆ. ಓದುವಾಗಲೇ ಡಿಟೈಪ್ (ಕಾಲಂನ ಬಗೆ) ಅನ್ನು ಸ್ಟ್ರಿಂಗ್ (ಪಠ್ಯ) ಎಂದು ಕೊಟ್ಟು, ಡೀಫಾಲ್ಟ್ ಎನ್‌ಎ ಪಟ್ಟಿಯನ್ನು ಆಫ್ ಮಾಡಬೇಕು. ಜಾವಾದ ಅಪಾಚೆ ಪಿಒಐ ಲೈಬ್ರರಿಯಲ್ಲಿ ಡೇಟಾಫಾರ್ಮ್ಯಾಟರ್ ಬಳಸಿದರೆ ಅದು ಎಕ್ಸೆಲ್ ಕಂಡಂತೆಯೇ ಕೊಡುತ್ತದೆ, ಅಂದರೆ ಆಧಾರ್ ಮತ್ತೆ ಇ+11 ರೂಪದಲ್ಲಿ ಬರುತ್ತದೆ. ಸಂಖ್ಯೆಯ ಸೆಲ್ ಆಗಿದ್ದರೆ ಬಿಗ್‌ಡೆಸಿಮಲ್‌ಗೆ ಹಾಕಿ ಸಾದಾ ಅಂಕಿಯಾಗಿ ತೆಗೆಯಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ದುಡ್ಡಿನ ಕಾಲಂ ಎಚ್ಚರಿಕೆಯಿಂದ ಓದಬೇಕು: ನಮ್ಮ ಪದ್ಧತಿಯಲ್ಲಿ ಬರೆದ 1,25,000 ಎಂಬ ಪಠ್ಯವನ್ನು ಸಂಖ್ಯೆಯಾಗಿಸುವ ಪಾರ್ಸ್‌ಫ್ಲೋಟ್‌ಗೆ ಕೊಟ್ಟರೆ ಬರುವ ಉತ್ತರ 1. ದೋಷದ ಸಂದೇಶವೂ ಇಲ್ಲ! ಪಿಎಚ್‌ಪಿಯಲ್ಲಿ ಇಂಟ್ (ಪೂರ್ಣಾಂಕ) ಆಗಿ ಪರಿವರ್ತಿಸಿದರೂ 1. ಒಂದು ಲಕ್ಷ ಇಪ್ಪತ್ತೈದು ಸಾವಿರದ ಸಾಲ ಒಂದು ರೂಪಾಯಿಯಾಗುವುದು ಹೀಗೆ. ಮೊದಲು ಅಲ್ಪವಿರಾಮ, ರೂಪಾಯಿ ಚಿಹ್ನೆ, ಖಾಲಿ ಜಾಗ ತೆಗೆಯಿರಿ. ಉಳಿದದ್ದು ಪೂರ್ತಿ ಅಂಕಿಯೇ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಡೆಸಿಮಲ್ ಮಾದರಿಗೆ ಪರಿವರ್ತಿಸಿ. ಹಣಕ್ಕೆ ಫ್ಲೋಟ್ (ದಶಾಂಶವನ್ನು ಅಂದಾಜಾಗಿ ಇಡುವ ಬಗೆ) ಬೇಡವೇ ಬೇಡ.

ಸಂಖ್ಯೆ ಹಾಳಾಗಿದೆಯೇ ಎಂದು ತಿಳಿಯಲು ಆ ಸಂಖ್ಯೆಗಳಲ್ಲೇ ವ್ಯವಸ್ಥೆ ಇದೆ, ಬಳಸುವವರು ಕಡಿಮೆ. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ, ಮತ್ತು ಅದರ ಕೊನೆಯ ಅಂಕಿ ವರ್ಹೂಫ್ ವಿಧಾನದಿಂದ ಲೆಕ್ಕ ಹಾಕಿದ ತಪಾಸಣೆಯ ಅಂಕಿ. ಯಾವುದೇ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿದುಕೊಡುತ್ತದೆ. ಮೂರು ಪುಟ್ಟ ಕೋಷ್ಟಕಗಳಿಂದ ಬರೆಯಬಹುದಾದ ಕೋಡ್ ಅದು. ಬ್ಯಾಂಕ್ ಶಾಖೆಯ ಕೋಡ್ ಆದ ಐಎಫ್‌ಎಸ್‌ಸಿಯಲ್ಲಿ 11 ಚಿಹ್ನೆ: ಮೊದಲ ನಾಲ್ಕು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಆ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಟೈಪ್ ಮಾಡುವುದು ತೀರಾ ಸಾಮಾನ್ಯ. ಇದೊಂದನ್ನು ಪ್ರೋಗ್ರಾಂ ತಾನೇ ತಿದ್ದಿ "ತಿದ್ದಿದ್ದೇವೆ, ನೋಡಿ" ಎಂದು ತೋರಿಸಿದರೆ ತಪ್ಪಿಲ್ಲ. ಹಳೆಯ ಶೀಟುಗಳಲ್ಲಿ ಸಿಂಡಿಕೇಟ್ ಬ್ಯಾಂಕಿನ ಕೋಡುಗಳು ಇಂದಿಗೂ ಉಳಿದಿರುತ್ತವೆ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ಹಾಗಾಗಿ ರೂಪ ಸರಿಯಿದೆಯೇ ಎಂದಷ್ಟೇ ನೋಡದೆ, ಚಾಲ್ತಿಯಲ್ಲಿರುವ ಕೋಡುಗಳ ಪಟ್ಟಿಯೊಂದಿಗೆ ತಾಳೆ ಹಾಕಬೇಕು.

ದಿನಾಂಕದ ವಿಷಯಕ್ಕೆ ಬಂದರೆ, ದಿನ ಮೊದಲೋ ತಿಂಗಳು ಮೊದಲೋ ಎಂಬ ಗೊಂದಲ ಎಲ್ಲರಿಗೂ ಗೊತ್ತು. ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ 03/04/2012 ಮಾರ್ಚ್ 4 ಆಗುತ್ತದೆ, 13/04/2012 ಮಾತ್ರ ದಿನಾಂಕವೇ ಆಗದೆ ಪಠ್ಯವಾಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ಸೆಲ್ ದಿನಾಂಕ, ಕೆಲವು ಪಠ್ಯ ಎಂದು ಕಂಡರೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿದು ಇಡೀ ಫೈಲನ್ನು ತಡೆಹಿಡಿಯಬೇಕು. ಪಠ್ಯವಾಗಿ ಉಳಿದದ್ದನ್ನು ಮಾತ್ರ ತಿದ್ದಲು ಹೋಗಬಾರದು, ಏಕೆಂದರೆ ತಿದ್ದಬೇಕಾಗಿರುವುದು ದಿನಾಂಕವಾದವುಗಳನ್ನೂ.

ಭಾರತದಲ್ಲಿ ಕಾಡುವ ಇನ್ನೊಂದು ತೊಂದರೆ ಇದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ (ಯುಟಿಸಿ) ಐದೂವರೆ ಗಂಟೆ ಮುಂದು. ಬ್ರೌಸರಿನಲ್ಲಿ ಆಗಸ್ಟ್ 15ರ ಮಧ್ಯರಾತ್ರಿ ಎಂದು ಓದಿದ ಜನ್ಮದಿನಾಂಕವನ್ನು ಜಾಗತಿಕ ಸಮಯದಲ್ಲಿ ಬರೆಯುವ ಐಎಸ್‌ಒ ರೂಪಕ್ಕೆ ಬದಲಿಸಿ ಸರ್ವರಿಗೆ ಕಳಿಸಿದರೆ ಅದು 14ರ ಸಂಜೆ ಆರೂವರೆಯಾಗುತ್ತದೆ. ಡೇಟಾಬೇಸಿನಲ್ಲಿ ದಿನಾಂಕ ಮಾತ್ರ ಉಳಿದಾಗ ಮಗುವಿನ ವಯಸ್ಸು ಒಂದು ದಿನ ಹೆಚ್ಚು. ಶಾಲೆಗೆ ಸೇರುವ ವಯಸ್ಸಿನ ಗಡಿಯಲ್ಲಿರುವ ಮಗುವಿಗೆ ಆ ಒಂದು ದಿನವೇ ದೊಡ್ಡದು. ಇದಕ್ಕಿಂತ ವಿಚಿತ್ರವಾದದ್ದು ಹತ್ತು ಸೆಕೆಂಡಿನ ದೋಷ. ಎಕ್ಸೆಲ್‌ನ ದಿನಗಳ ಎಣಿಕೆಯನ್ನು ಜಾವಾಸ್ಕ್ರಿಪ್ಟಿನ ದಿನಾಂಕವಾಗಿಸುವ ಕೆಲವು ಕೋಡುಗಳು 1899ರ ಡಿಸೆಂಬರ್ 30ರ ಸ್ಥಳೀಯ ಮಧ್ಯರಾತ್ರಿಯಿಂದ ಲೆಕ್ಕ ಶುರು ಮಾಡುತ್ತವೆ. ಕಂಪ್ಯೂಟರುಗಳು ಬಳಸುವ ಕಾಲವಲಯದ ದಾಖಲೆಯಲ್ಲಿ, 1906ಕ್ಕೆ ಮೊದಲಿನ ಭಾರತಕ್ಕೆ ಇರುವುದು ಮದ್ರಾಸ್ ಸಮಯ: 5 ಗಂಟೆ 21 ನಿಮಿಷ 10 ಸೆಕೆಂಡ್. ಲೆಕ್ಕವನ್ನು ನಿಮಿಷಕ್ಕೆ ಕತ್ತರಿಸಿದಾಗ ಆ ಹತ್ತು ಸೆಕೆಂಡ್ ಕಳೆದುಹೋಗಿ, 15ರ ಮಧ್ಯರಾತ್ರಿ 14ರ 23:59:50 ಆಗಿ ಬರುತ್ತದೆ. ಅಮೆರಿಕದಲ್ಲಿ ಕೂತು ಟೆಸ್ಟ್ ಮಾಡಿದವರಿಗೆ ಈ ದೋಷ ಇದೇ ರೂಪದಲ್ಲಿ ಕಾಣಿಸುವುದಿಲ್ಲ. ಪರಿಹಾರ ಎರಡಕ್ಕೂ ಒಂದೇ: ಹುಟ್ಟಿದ ದಿನಾಂಕಕ್ಕೆ ಗಂಟೆ, ಕಾಲವಲಯ ಯಾವುದನ್ನೂ ಅಂಟಿಸಬೇಡಿ. ದಿನಗಳ ಸಂಖ್ಯೆಯನ್ನೇ ಪಡೆದು, ಅದರಿಂದ 25569 ಕಳೆದರೆ 1970ರ ಜನವರಿ 1ರಿಂದ ಎಷ್ಟನೆಯ ದಿನ ಎಂದು ಸಿಗುತ್ತದೆ. ಅದನ್ನು ಯುಟಿಸಿಯಲ್ಲೇ ವರ್ಷ, ತಿಂಗಳು, ದಿನವಾಗಿ ಬಿಡಿಸಿ ಪಠ್ಯವಾಗಿ ಕಳಿಸಿ. ಹಳೆಯ ಮ್ಯಾಕ್ ಫೈಲುಗಳು 1904ರಿಂದ ಎಣಿಸುತ್ತವೆ. ವರ್ಕ್‌ಬುಕ್ಕಿನ ಆ ಗುರುತನ್ನು ನೋಡದಿದ್ದರೆ ಎಲ್ಲ ದಿನಾಂಕಗಳೂ 1462 ದಿನ ತಪ್ಪುತ್ತವೆ.

ಕನ್ನಡದ ಹೆಸರುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೊರಗಿನಿಂದ ಬಂದ ಯಾವ ಲೈಬ್ರರಿಯೂ ಇದನ್ನು ನೋಡಿಕೊಳ್ಳುವುದಿಲ್ಲ. ಯೂನಿಕೋಡ್ (ಎಲ್ಲ ಭಾಷೆಗಳಿಗೂ ಇರುವ ಏಕರೂಪದ ಅಕ್ಷರ ಸಂಕೇತ) ಕನ್ನಡವಿರುವ ಶೀಟನ್ನು ಎಕ್ಸೆಲ್‌ನ ಸಾದಾ ಸಿಎಸ್‌ವಿ ಆಯ್ಕೆಯಲ್ಲಿ ಉಳಿಸಿದರೆ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. 'ಸಿಎಸ್‌ವಿ ಯುಟಿಎಫ್-8' ಎಂಬ ಬೇರೆಯೇ ಆಯ್ಕೆ ಇದೆ, ಅದನ್ನು ಆರಿಸಬೇಕು. ಇನ್ನೊಂದು ಕಡೆ, ವೆಬ್‌ಸೈಟು ಕೊಡುವ ಸಿಎಸ್‌ವಿಯ ಆರಂಭದಲ್ಲಿ, ಇದು ಯುಟಿಎಫ್-8 ಎಂದು ಗುರುತಿಸುವ ಬಿಒಎಂ ಎಂಬ ಮೂರು ಬೈಟ್ ಇಲ್ಲದಿದ್ದರೆ, ಡಬಲ್ ಕ್ಲಿಕ್ ಮಾಡಿ ತೆರೆದಾಗ ಕನ್ನಡದ ಬದಲು ಯೂರೋಪಿನ ಚಿತ್ರವಿಚಿತ್ರ ಅಕ್ಷರಗಳ ಸಾಲು ಕಾಣುತ್ತದೆ. ಅದೇ ಬಿಒಎಂ ಇರುವ ಫೈಲನ್ನು ಓದುವ ಪ್ರೋಗ್ರಾಂ ಅದನ್ನು ತೆಗೆಯದಿದ್ದರೆ ಮೊದಲ ಕಾಲಂನ ತಲೆಬರಹಕ್ಕೆ ಅದು ಅಂಟಿಕೊಂಡು "ಕ್ರಮ ಸಂಖ್ಯೆ ಎಂಬ ಕಾಲಂ ಇಲ್ಲ" ಎಂಬ ದೋಷ ಬರುತ್ತದೆ. ಕಾಲಂ ಕಣ್ಣೆದುರೇ ಇರುತ್ತದೆ, ಆಪರೇಟರಿಗೆ ದಿಕ್ಕೇ ತೋಚುವುದಿಲ್ಲ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಎಎನ್‌ಎಸ್‌ಐ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ತುಂಬಿದ ಶೀಟುಗಳು ಇನ್ನೂ ಬೇಕಾದಷ್ಟಿವೆ. ಅವುಗಳಲ್ಲಿ ಕನ್ನಡ ಕಾಣುವುದು ಫಾಂಟಿನಿಂದ ಮಾತ್ರ, ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಸರ್ವರ್ ಫಾಂಟನ್ನು ನೋಡುವುದಿಲ್ಲ, ಹಾಗಾಗಿ ಡೇಟಾಬೇಸಿಗೆ ಆ ಸಂಕೇತಗಳೇ ಹೋಗುತ್ತವೆ. ಹೆಸರಿನ ಕಾಲಂನಲ್ಲಿ ಕನ್ನಡದ ಯೂನಿಕೋಡ್ ವ್ಯಾಪ್ತಿಯ ಒಂದಕ್ಷರವೂ ಇಲ್ಲದೆ ಲ್ಯಾಟಿನ್-1 ಸಂಕೇತಪಟ್ಟಿಯ ಮೇಲ್ಭಾಗದ (ಯೂರೋಪಿನ ಭಾಷೆಗಳ) ಅಕ್ಷರಗಳು ತುಂಬಿದ್ದರೆ ಅಪ್‌ಲೋಡನ್ನು ಅಲ್ಲೇ ನಿಲ್ಲಿಸಿ, ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಮತ್ತೆ ಕಳಿಸಿ ಎಂದು ಕನ್ನಡದಲ್ಲೇ ತಿಳಿಸಬೇಕು. ಸ್ಟೈಲ್ ಮಾಹಿತಿಯಿಂದ ಆ ಸೆಲ್‌ನ ಫಾಂಟಿನ ಹೆಸರನ್ನೂ ಓದಬಹುದು, ಆಗ ಅನುಮಾನಕ್ಕೆ ಎಡೆಯಿರುವುದಿಲ್ಲ.

ಯೂನಿಕೋಡಿನಲ್ಲೇ ಇದ್ದರೂ ಒಂದೇ ಹೆಸರು ಎರಡು ಬಗೆಯಲ್ಲಿ ಇರಬಹುದು. 'ಕೊ' ಎಂಬುದರ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತಂದೇ ಡೇಟಾಬೇಸಿಗೆ ಹಾಕಬೇಕು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಟೈಪ್ ಮಾಡುವುದು ನಮ್ಮಲ್ಲಿ ಬಹಳ ಕಡೆ ಕಾಣುವ ಅಭ್ಯಾಸ, 'ಶ೦ಕರ' ಮತ್ತು 'ಶಂಕರ' ಪಕ್ಕಪಕ್ಕದಲ್ಲಿಟ್ಟು ನೋಡಿದರೂ ವ್ಯತ್ಯಾಸ ಸುಲಭಕ್ಕೆ ಕಾಣದು. ಕನ್ನಡ ಅಕ್ಷರದ ನಂತರವೇ ಆ ಸೊನ್ನೆ ಬಂದರೆ ಅದನ್ನು ಅನುಸ್ವಾರವಾಗಿ ತಿದ್ದುವ ಒಂದು ಸಾಲಿನ ನಿಯಮ ಸಾಕು. ಇನ್ನು ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕಗಳು. 'ರಾಜ್‌ಕುಮಾರ್' ಎಂಬಲ್ಲಿ ಅರ್ಧಾಕ್ಷರ ಒತ್ತಕ್ಷರವಾಗದಂತೆ ತಡೆಯುವುದು ಅದೇ ಬೇರ್ಪಡಕ. 'ಕಸ' ಎಂದು ತಿಳಿದು ಅದನ್ನು ಕಿತ್ತುಹಾಕಿದರೆ ಹೆಸರೇ 'ರಾಜ್ಕುಮಾರ್' ಎಂದು ಕೆಡುತ್ತದೆ. ಉಳಿಸುವಾಗ ಹಾಗೆಯೇ ಉಳಿಸಿ. ಹುಡುಕಲು, ಹೋಲಿಸಲು ಬೇರೊಂದು ಕಾಲಂ ಇಟ್ಟು ಅಲ್ಲಿ ಮಾತ್ರ ತೆಗೆಯಿರಿ. ವೆಬ್ ಪುಟದಿಂದ ಕಾಪಿ ಮಾಡಿದ ಪಠ್ಯದಲ್ಲಿ ಬರುವ ಒಡೆಯದ ಖಾಲಿ ಜಾಗವನ್ನು ಜಾವಾಸ್ಕ್ರಿಪ್ಟಿನ ಟ್ರಿಮ್ ತೆಗೆಯುತ್ತದೆ, ಪೈಥಾನ್‌ನ ಸ್ಟ್ರಿಪ್ ತೆಗೆಯುತ್ತದೆ, ಪಿಎಚ್‌ಪಿ ಮತ್ತು ಜಾವಾದ ಟ್ರಿಮ್ ತೆಗೆಯುವುದಿಲ್ಲ.

ಊರಿನ ಹೆಸರನ್ನು ನಂಬಿ ಲೆಕ್ಕ ಮಾಡಬಾರದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು. ಗುಲ್ಬರ್ಗ, ಕಲಬುರ್ಗಿ, ಕಲಬುರಗಿ ಮೂರೂ ಒಂದೇ ಶೀಟಿನಲ್ಲಿ ಬರುತ್ತವೆ. ವಿಜಯಪುರ ಮತ್ತು ವಿಜಯನಗರ ಎರಡು ಬೇರೆ ಜಿಲ್ಲೆಗಳು. ಹೊಸಹಳ್ಳಿಗಳಂತೂ ಲೆಕ್ಕವಿಲ್ಲದಷ್ಟು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಕೋಡ್ ಇದೆ. ಟೆಂಪ್ಲೇಟಿನಲ್ಲಿ ಆ ಕೋಡಿಗೆ ಒಂದು ಕಾಲಂ ಇರಲೇಬೇಕು.

ಟೆಂಪ್ಲೇಟ್ ಎಂದಾಗ ಒಂದು ಮಾತು. ವೆಬ್‌ಸೈಟಿನಿಂದ ಡೌನ್‌ಲೋಡ್ ಆಗುವ ಖಾಲಿ ಶೀಟಿನಲ್ಲಿ ಸರ್ವೆ ನಂಬರ್, ಖಾತೆ, ಆಧಾರ್, ಮೊಬೈಲ್ ಕಾಲಂಗಳನ್ನು ಮೊದಲೇ 'ಟೆಕ್ಸ್ಟ್' ಎಂದು ಫಾರ್ಮ್ಯಾಟ್ ಮಾಡಿಟ್ಟರೆ ಇಲ್ಲಿಯವರೆಗೆ ಹೇಳಿದ ತೊಂದರೆಗಳಲ್ಲಿ ಹಲವು ಹುಟ್ಟುವುದೇ ಇಲ್ಲ. ಆದರೆ ಬೇರೆ ಶೀಟಿನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ ಕೂಡಲೇ ಆ ಫಾರ್ಮ್ಯಾಟೂ ಹೋಗುತ್ತದೆ, ಡ್ರಾಪ್‌ಡೌನ್ ಪಟ್ಟಿಯ ಕಾವಲೂ ಹೋಗುತ್ತದೆ. ಆದ್ದರಿಂದ ಟೆಂಪ್ಲೇಟ್ ಇದ್ದರೂ ಸರ್ವರಿನಲ್ಲಿ ಎಲ್ಲವನ್ನೂ ಮತ್ತೆ ಪರಿಶೀಲಿಸಲೇಬೇಕು: ಸರ್ವೆ ನಂಬರಿನ ಸೆಲ್ ದಿನಾಂಕದ ಮಾದರಿಯಲ್ಲಿದ್ದರೆ, ಖಾತೆ ಸಂಖ್ಯೆಯ ಸೆಲ್ ಪಠ್ಯದ ಬದಲು ಸಂಖ್ಯೆಯಾಗಿದ್ದರೆ ಊಹಿಸಿ ತಿದ್ದುವುದು ಬೇಡ, ಹಿಂದಕ್ಕೆ ಕಳಿಸಿ.

ಈಗ ಫೈಲಿನ ಗಾತ್ರದ ಮಾತು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ, ಹೊಸದರಲ್ಲಿ 10,48,576. ಕೋವಿಡ್ ಕಾಲದಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳ ಸಿಎಸ್‌ವಿ ಫೈಲುಗಳನ್ನು ಹಳೆಯ ಮಾದರಿಯ ಶೀಟಿಗೆ ತುಂಬುತ್ತಿತ್ತು. ಮಿತಿ ಮುಟ್ಟಿದ ಮೇಲಿನ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿ, 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಸೋಂಕಿತರು ದಿನದ ಲೆಕ್ಕದಿಂದ ಹೊರಗುಳಿದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ಅಲ್ಲಿ ಯಾರೂ ತಪ್ಪಾಗಿ ಟೈಪ್ ಮಾಡಿರಲಿಲ್ಲ. ಕಳಿಸಿದ ಸಾಲೆಷ್ಟು, ಸೇರಿದ ಸಾಲೆಷ್ಟು ಎಂದು ಎರಡೂ ಕಡೆ ಎಣಿಸಿ ತಾಳೆ ನೋಡುವ ಒಂದು ಹೆಜ್ಜೆ ಇರಲಿಲ್ಲ. ನಮ್ಮ ಯಾವ ಅಪ್‌ಲೋಡ್ ಪುಟದಲ್ಲೂ ಈ ಹೆಜ್ಜೆ ತಪ್ಪಬಾರದು: "ಫೈಲಿನಲ್ಲಿ ಇಷ್ಟು ಸಾಲು, ಸರಿಯಿರುವುದು ಇಷ್ಟು, ತಡೆದದ್ದು ಇಷ್ಟು, ಮೊತ್ತ ಇಷ್ಟು ರೂಪಾಯಿ" ಎಂದು ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಮುಂದಿನ ಕೆಲಸ.

ಒಳಗಿನ ಕ್ರಮ ಹೀಗಿರಲಿ. ಬಂದ ಫೈಲನ್ನು ಮೊದಲು ಇದ್ದಂತೆಯೇ ಒಂದು ಕಡೆ ಇಟ್ಟು, ಅದರ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಗುರುತು) ದಾಖಲಿಸಿ. ಅದೇ ಫೈಲು ಎರಡನೇ ಸಲ ಬಂದರೆ ಎಚ್ಚರಿಸಿ. ನೆಟ್‌ವರ್ಕ್ ನಿಧಾನವಾದಾಗ ಜನ ಬಟನ್ ಎರಡು ಸಲ ಒತ್ತುತ್ತಾರೆ, ಒಂದೇ ಫಲಾನುಭವಿಗೆ ಎರಡು ಪಾವತಿ ಆಗುವುದು ಹೀಗೆಯೇ. ನಂತರ ಎಲ್ಲ ಸೆಲ್‌ಗಳನ್ನೂ ಪಠ್ಯವಾಗಿ ಒಂದು ತಾತ್ಕಾಲಿಕ ಟೇಬಲಿಗೆ ಹಾಕಿ. ಪರಿಶೀಲನೆ ಅಲ್ಲಿ ನಡೆಯಲಿ. ಒಪ್ಪಿಗೆ ಬಂದ ಮೇಲೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಎಂಬಂತೆ), 500ರಿಂದ 1000 ಸಾಲಿನ ಕಂತುಗಳಲ್ಲಿ, ಮೂಲ ಟೇಬಲಿಗೆ ಸೇರಿಸಿ. ಒಂದೊಂದೇ ಸಾಲನ್ನು ನೇರವಾಗಿ ಮೂಲ ಟೇಬಲಿಗೆ ತುಂಬುವ ಕೋಡು 4000ನೇ ಸಾಲಿನಲ್ಲಿ ನಿಂತರೆ ಮೊದಲಿನ 3999 ಒಳಗೆ, ಉಳಿದವು ಹೊರಗೆ. ಮತ್ತೆ ಅಪ್‌ಲೋಡ್ ಮಾಡಿದರೆ ಆ 3999 ಇಮ್ಮಡಿ.

ಈ ಕೆಲಸವನ್ನು ಬ್ರೌಸರ್ ಕಾಯುತ್ತಿರುವಾಗಲೇ ಮುಗಿಸಲು ಹೋಗಬೇಡಿ. ವೆಬ್‌ಸೈಟಿನ ಮುಂಬಾಗಿಲಲ್ಲಿ ನಿಲ್ಲುವ ಎನ್‌ಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶ ತಾನಾಗಿ ಬಿಡುವುದು 1 ಎಂಬಿ ಗಾತ್ರದ ಫೈಲನ್ನು ಮಾತ್ರ, ಮೀರಿದರೆ 413 ದೋಷ. ಅದರ ಹಿಂದೆ ಕೆಲಸ ಮಾಡುವ ಸರ್ವರ್ 60 ಸೆಕೆಂಡಿನಲ್ಲಿ ಉತ್ತರಿಸದಿದ್ದರೆ 504 ದೋಷ. ಪಿಎಚ್‌ಪಿಯ ಸ್ವಂತ ಮಿತಿ ಫೈಲಿಗೆ 2 ಎಂಬಿ, ಸಮಯಕ್ಕೆ 30 ಸೆಕೆಂಡ್. 504 ಬಂದಾಗ ಆಪರೇಟರ್ "ಆಗಲಿಲ್ಲ" ಎಂದುಕೊಳ್ಳುತ್ತಾರೆ, ಒಳಗೆ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ. ಫೈಲನ್ನು ಪಡೆದ ತಕ್ಷಣ ಸ್ವೀಕೃತಿ ಸಂಖ್ಯೆ ಕೊಟ್ಟು, ಓದುವ ಕೆಲಸವನ್ನು ಹಿನ್ನೆಲೆಯ ಸರದಿಗೆ ಹಾಕಿ, ಎಷ್ಟು ಸಾಲು ಮುಗಿಯಿತು ಎಂದು ಬೇರೊಂದು ಪುಟದಲ್ಲಿ ತೋರಿಸಬೇಕು. ಮಿತಿಗಳನ್ನು ಸುಮ್ಮನೆ ಏರಿಸುವುದು ಪರಿಹಾರವಲ್ಲ. ಎಕ್ಸ್‌ಎಲ್‌ಎಸ್‌ಎಕ್ಸ್ ಎಂದರೆ ಎಕ್ಸ್‌ಎಂಎಲ್ ಫೈಲುಗಳ ಜಿಪ್ ಕಟ್ಟು. ಬಿಚ್ಚಿದಾಗ ಹಲವು ಪಟ್ಟು ಹಿಗ್ಗುತ್ತದೆ. ಪೈಥಾನ್‌ನ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ಸಾಮಾನ್ಯ ರೀತಿಯಲ್ಲಿ ಓದಿದರೆ ಮೂಲ ಫೈಲಿನ ಸುಮಾರು 50 ಪಟ್ಟು ಮೆಮೊರಿ ಬೇಕೆಂದು ಅದರ ಕೈಪಿಡಿಯೇ ಹೇಳುತ್ತದೆ. ದೊಡ್ಡ ಫೈಲಿಗೆ ಅದರ ರೀಡ್-ಓನ್ಲಿ ವಿಧಾನ, ಪಿಒಐನಲ್ಲಾದರೆ ಈವೆಂಟ್ ವಿಧಾನ ಬಳಸಿ. ಬೇಕೆಂದೇ ಸಾವಿರಾರು ಪಟ್ಟು ಹಿಗ್ಗುವಂತೆ ಕಟ್ಟಿದ ಜಿಪ್ ಬಾಂಬ್ ಫೈಲುಗಳೂ ಇರುವುದರಿಂದ, ಬಿಚ್ಚುವ ಮೊದಲೇ ಒಟ್ಟು ಗಾತ್ರಕ್ಕೆ ಮಿತಿ ಇಡಬೇಕು.

ಎಕ್ಸೆಲ್‌ನ ಇನ್ನೂ ಕೆಲವು ಗುಣಗಳನ್ನು ಕೋಡ್ ಬರೆಯುವವರು ನೆನಪಿಡಬೇಕು. ಫಿಲ್ಟರ್ ಹಾಕಿ ಮರೆಮಾಡಿದ ಸಾಲುಗಳನ್ನು ಲೈಬ್ರರಿ ಓದುತ್ತದೆ. "ಕಾಣುವವರಿಗೆ ಮಾತ್ರ" ಎಂದುಕೊಂಡು ಕಳಿಸಿದ ಪಟ್ಟಿಯಲ್ಲಿ ಕಾಣದವರೂ ಸೇರುತ್ತಾರೆ. ಮರೆಯಾದ ಸಾಲುಗಳಿವೆ, ಅವನ್ನೂ ಸೇರಿಸಬೇಕೇ ಎಂದು ಆಪರೇಟರನ್ನು ಕೇಳಿ. ಮರ್ಜ್ ಮಾಡಿದ ಸೆಲ್‌ಗಳಲ್ಲಿ ಎಡ ಮೇಲ್ತುದಿಯ ಸೆಲ್‌ಗೆ ಮಾತ್ರ ಮೌಲ್ಯವಿದ್ದು ಉಳಿದವು ಖಾಲಿ ಬರುತ್ತವೆ. ಇಡೀ ಕಾಲಂಗೆ ಬಣ್ಣ ಬಳಿದ ಶೀಟುಗಳಲ್ಲಿ ಲಕ್ಷಗಟ್ಟಲೆ ಖಾಲಿ ಸಾಲುಗಳು ಓದಲು ಸಿಗಬಹುದು. ಸೂತ್ರವಿರುವ ಸೆಲ್‌ನಲ್ಲಿ ಎಕ್ಸೆಲ್ ಕೊನೆಯದಾಗಿ ಲೆಕ್ಕಹಾಕಿಟ್ಟ ಉತ್ತರವನ್ನು ಓದಬಹುದು, ಆದರೆ ಇನ್ನೊಂದು ಪ್ರೋಗ್ರಾಂ ತಯಾರಿಸಿದ, ಎಕ್ಸೆಲ್‌ನಲ್ಲಿ ತೆರೆದೇ ಇಲ್ಲದ ಫೈಲಾದರೆ ಅಲ್ಲಿ ಉತ್ತರವೇ ಇರುವುದಿಲ್ಲ. ಗೂಗಲ್ ಶೀಟ್ಸ್‌ನ ಎಪಿಐ (ಪ್ರೋಗ್ರಾಂಗಳು ಬಳಸುವ ಸಂಪರ್ಕದ ದಾರಿ) ಬಳಸುವವರಿಗೂ ಒಂದು ಸೂಚನೆ: ಸಾಲಿನ ಕೊನೆಯ ಖಾಲಿ ಸೆಲ್‌ಗಳನ್ನು ಅದು ಕಳಿಸುವುದೇ ಇಲ್ಲ, ಹಾಗಾಗಿ ಸಾಲುಗಳ ಉದ್ದ ಬೇರೆ ಬೇರೆ ಬರುತ್ತದೆ, ಬರೆಯುವಾಗ 'ರಾ' ಆಯ್ಕೆ ಕೊಡದೆ 'ಯೂಸರ್ ಎಂಟರ್ಡ್' ಕೊಟ್ಟರೆ 12/3 ಅಲ್ಲಿಯೂ ದಿನಾಂಕವಾಗುತ್ತದೆ.

ದೋಷದ ವರದಿಯೇ ಆಪರೇಟರಿಗೆ ಕೊಡಬಹುದಾದ ದೊಡ್ಡ ಸಹಾಯ. "ಅಮಾನ್ಯ ಡೇಟಾ" ಎಂಬ ಎರಡು ಪದ ಬರೆದು ಕೈತೊಳೆದುಕೊಳ್ಳುವ ವೆಬ್‌ಸೈಟುಗಳನ್ನು ಯಾವ ಕಚೇರಿಯೂ ಒಪ್ಪಿಕೊಳ್ಳಬಾರದು. ಆಪರೇಟರ್ ಕಳಿಸಿದ ಶೀಟನ್ನೇ, ತಪ್ಪಿರುವ ಸೆಲ್‌ಗೆ ಬಣ್ಣ ಹಚ್ಚಿ, ಕೊನೆಯಲ್ಲಿ 'ಕಾರಣ' ಎಂಬ ಕಾಲಂ ಸೇರಿಸಿ ಹಿಂದಿರುಗಿಸಬೇಕು. "58ನೇ ಸಾಲು: ಆಧಾರ್ 11 ಅಂಕಿ ಮಾತ್ರ ಇದೆ" ಎಂಬಷ್ಟು ಸ್ಪಷ್ಟವಾಗಿರಲಿ. ಆ 58 ಎಕ್ಸೆಲ್‌ನಲ್ಲಿ ಕಾಣುವ 58 ಆಗಿರಬೇಕು: ಪಿಒಐ ಮತ್ತು ಜಾವಾಸ್ಕ್ರಿಪ್ಟಿನ ಶೀಟ್‌ಜೆಎಸ್ ಲೈಬ್ರರಿ ಸಾಲನ್ನು ಸೊನ್ನೆಯಿಂದ ಎಣಿಸುತ್ತವೆ, ಓಪನ್‌ಪೈಎಕ್ಸ್‌ಎಲ್ ಒಂದರಿಂದ, ಖಾಲಿ ಸಾಲುಗಳನ್ನು ಬಿಟ್ಟು ಎಣಿಸಿದರೆ ಮತ್ತಷ್ಟು ಜಾರುತ್ತದೆ. ಒಂದು ಸಾಲು ಆಚೀಚೆಯಾದರೆ ಆಪರೇಟರ್ ಸರಿಯಿರುವ ಸಾಲನ್ನು ಕೆಡಿಸುತ್ತಾರೆ. ಮೊದಲ ದೋಷಕ್ಕೇ ನಿಲ್ಲದೆ ಎಲ್ಲ ದೋಷಗಳನ್ನೂ ಒಮ್ಮೆಗೇ ಕೊಡಿ. ಈ ವರದಿ ಸಿಎಸ್‌ವಿ ಆಗಿರಬಾರದು, ಏಕೆಂದರೆ ಸಿಎಸ್‌ವಿಗೆ ಫಾರ್ಮ್ಯಾಟ್ ಎಂಬುದೇ ಇಲ್ಲ. ತಿದ್ದಲೆಂದು ತೆರೆದ ಕೂಡಲೇ ಖಾತೆ ಸಂಖ್ಯೆಗಳು ಮತ್ತೆ ಹಾಳಾಗುತ್ತವೆ. ಸಾರ್ವಜನಿಕರು ತುಂಬಿದ ಮಾಹಿತಿಯನ್ನು ಶೀಟಾಗಿ ಹೊರಗೆ ಕೊಡುವಾಗ =, +, -, @ ಚಿಹ್ನೆಗಳಿಂದ ಶುರುವಾಗುವ ಪಠ್ಯದ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಬೇಕು. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಯಾರೋ ಬರೆದ ಸೂತ್ರ ಅಧಿಕಾರಿಯ ಕಂಪ್ಯೂಟರಿನಲ್ಲಿ ಓಡುತ್ತದೆ.

ಅಪ್‌ಲೋಡ್ ಆದ ಮೂಲ ಫೈಲುಗಳು ವೆಬ್‌ಸೈಟಿನ ಸಾರ್ವಜನಿಕ ಫೋಲ್ಡರಿನಲ್ಲಿ ಬಿದ್ದಿರಬಾರದು. ವಿಳಾಸ ಊಹಿಸಿದವರಿಗೆಲ್ಲ ಸಾವಿರಾರು ಜನರ ಆಧಾರ್, ಖಾತೆ, ಮೊಬೈಲ್ ಒಟ್ಟಿಗೆ ಸಿಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲಂತೂ ಇದು ಬರೀ ಅಜಾಗರೂಕತೆ ಎನಿಸಿಕೊಳ್ಳುವುದಿಲ್ಲ. ಫೋಲ್ಡರ್ ಹೊರಗಿನಿಂದ ತೆರೆಯದಂತಿರಲಿ, ಫೈಲಿಗೆ ಊಹಿಸಲಾಗದ ಹೆಸರಿರಲಿ, ಇಷ್ಟು ದಿನಕ್ಕೆ ಅಳಿಸಬೇಕೆಂಬ ಅವಧಿ ನಿಗದಿಯಾಗಿರಲಿ, ಸರ್ವರಿನ ಲಾಗ್‌ನಲ್ಲಿ ಆಧಾರ್‌ನ ಕೊನೆಯ ನಾಲ್ಕು ಅಂಕಿ ಬಿಟ್ಟು ಬೇರೇನೂ ಬೀಳದಿರಲಿ.

ಸಾಫ್ಟ್‌ವೇರ್ ಮಾಡಿಸುವ ಕಚೇರಿಗಳು, ಸಂಘಗಳು, ಕಾಲೇಜುಗಳಲ್ಲಿ ನಮ್ಮ ವಿನಂತಿ ಇಷ್ಟು. ಕೊನೆಯ ಬಿಲ್ ಪಾವತಿಸುವ ಮೊದಲು ಒಂದು ಕೆಟ್ಟ ಶೀಟನ್ನು ನೀವೇ ತಯಾರಿಸಿ ಅಪ್‌ಲೋಡ್ ಮಾಡಿ ನೋಡಿ. ಅದರಲ್ಲಿ 12/3 ಎಂಬ ಸರ್ವೆ ನಂಬರ್, 16 ಅಂಕಿಯ ಖಾತೆ, ಸೊನ್ನೆಯಿಂದ ಶುರುವಾಗುವ ಇನ್ನೊಂದು ಖಾತೆ, 1,25,000 ಎಂದು ಪಠ್ಯವಾಗಿ ಬರೆದ ಮೊತ್ತ, 2.20 ಎಂಬ ವಿಸ್ತೀರ್ಣ, 'ಶ೦ಕರ' ಎಂದು ಸೊನ್ನೆ ಹಾಕಿದ ಹೆಸರು, ನುಡಿ ಫಾಂಟಿನಲ್ಲಿರುವ ಒಂದು ಸಾಲು, ಮರೆಮಾಡಿದ ಒಂದು ಸಾಲು, ನಡುವೆ ಒಂದು ಖಾಲಿ ಸಾಲು, ಆಗಸ್ಟ್ 15ರ ಒಂದು ಜನ್ಮದಿನಾಂಕ ಇರಲಿ. ಅದನ್ನೇ ಎರಡು ಸಲ ಕಳಿಸಿ. ವೆಬ್‌ಸೈಟು ಯಾವುದನ್ನು ಹಿಡಿಯಿತು, ಯಾವುದನ್ನು ಹೇಳದೆ ನುಂಗಿತು ಎಂದು ಸಾಲು ಸಾಲಾಗಿ ಬರೆದು, ನುಂಗಿದ್ದೆಲ್ಲ ಸರಿಯಾಗುವವರೆಗೆ ಸಹಿ ಹಾಕಬೇಡಿ.

ಇಂತಿ,
ವೆಬ್ ಅಪ್ಲಿಕೇಶನ್ ತಯಾರಿಕೆಯಲ್ಲಿ ತೊಡಗಿರುವ ಓದುಗರು
ಮೈಸೂರು